ಮೈಸೂರು ಹೆಂಗೆ ಓದೋರ ಊರಾಯ್ತು? ಗೆಜ್ಜಲಗೆರೆ ಬಸ್ ಸ್ಟಾಪಿಂದ ಒಂದು ಲೆಕ್ಕ

ಭಾಗ 1/9
ಫೋಟೊ: ನಮ್ಮೂರ ಬಸ್ ಸ್ಟಾಪು, ಬೆಳಗ್ಗೆ 7.40

ಫೋಟೊದಲ್ಲಿ ನಿಂತಿರೋರನ್ನ ಒಂದ್ಸಲ ಎಣಿಸಿ ನೋಡಿ. ಹದಿಮೂರು ಜನ. ಅದರಲ್ಲಿ ಒಂಬತ್ತು ಜನರ ಬೆನ್ನಿಗೆ ಕಾಲೇಜು ಬ್ಯಾಗು. ಮೂವರು ಮದ್ದೂರಿಗೆ, ಐವರು ಮಂಡ್ಯಕ್ಕೆ, ಒಬ್ಬಳು ಮೈಸೂರಿಗೆ. ಹತ್ತನೆಯವನು ನಾನು, ಫೋಟೊ ತೆಗೀತಿದ್ದೆ.

ಗೆಜ್ಜಲಗೆರೆ ಅಂದ್ರೆ ನಿಮಗೆ ಎರಡು ವಿಷಯ ನೆನಪಿಗೆ ಬರಬಹುದು. ಒಂದು, ಮನ್‌ಮುಲ್ ಡೇರಿ. ಇನ್ನೊಂದು, 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು ಇಲ್ಲೇ, ಗೆಜ್ಜಲಗೆರೆ ಕಾಲೋನಿ ಹತ್ರ. ಅವತ್ತು ಇಡೀ ದೇಶದ ಟಿವಿಯಲ್ಲಿ ನಮ್ಮೂರ ಹೆಸರು ಬಂತು. ಈಗ ಆ ರೋಡ್ ಮೇಲೆ ಕಾರುಗಳು ನಮ್ಮನ್ನ ನೋಡದೇ ಹೋಗ್ತವೆ. ನಾವು ಕೆಳಗೆ ಸರ್ವಿಸ್ ರೋಡಲ್ಲಿ ಬಸ್ಸಿಗೆ ಕಾಯ್ತೀವಿ.

ಈ ಸರಣಿ ಯಾಕೆ ಬರೀತಿದ್ದೀನಿ ಅಂದ್ರೆ, ಮನೇಲಿ ಒಂದು ಸಮಸ್ಯೆ ಇದೆ. 2025ರ ಮೇ ತಿಂಗಳಲ್ಲಿ ತಂಗಿಯ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಒಳ್ಳೆ ಮಾರ್ಕ್ಸು. ಸೈನ್ಸ್ ತಗೋಬೇಕು, ಮೈಸೂರಲ್ಲಿ ಪಿಯುಸಿ ಮಾಡ್ಬೇಕು ಅಂತಾಳೆ. ನಾನು ಮಂಡ್ಯದಲ್ಲಿ ಬಿಕಾಂ ಕೊನೇ ಹಂತದಲ್ಲಿದ್ದೀನಿ. ನನಗೂ ಮಾನಸಗಂಗೋತ್ರಿಯಲ್ಲಿ ಎಂಕಾಂ ಮಾಡೋ ಆಸೆ. ಅಪ್ಪ ಒಂದೇ ಮಾತು ಹೇಳಿದ್ರು: "ಇಬ್ರನ್ನೂ ಮೈಸೂರಲ್ಲಿ ಇಡಕ್ಕೆ ಆಗಕ್ಕಿಲ್ಲ ಮಗ. ಒಬ್ರಿಗಾದ್ರೆ ನೋಡನ."

ಅಜ್ಜಿ ಪಕ್ಕದಲ್ಲೇ ಕೂತಿತ್ತು. "ಮೈಸೂರ್‍ಗೆ ಹೋದ್ರೇನೇ ಓದಾ? ಮಂಡ್ಯದಲ್ಲಿ ಅಕ್ಷರ ಬ್ಯಾರೆ ಅದ್ಯಾ?" ಅಂತು.

ಎಲ್ರೂ ನಕ್ವಿ. ಆದ್ರೆ ಆಮೇಲೆ ನನಗೆ ಆ ಪ್ರಶ್ನೆ ಬಿಡ್ಲಿಲ್ಲ. ಅಕ್ಷರ ಒಂದೇ. ಹಾಗಾದ್ರೆ ಒಂದು ಊರು 'ಓದೋರ ಊರು' ಆಗೋದು ಹೆಂಗೆ? ಕಾಲೇಜು ಕಟ್ಟಿದ್ರೆ ಸಾಕಾ? ಲೈಬ್ರರಿಯಲ್ಲಿ ಕೂತು ಹಳೇ ಪುಸ್ತಕ ತಿರುವಿ ಹಾಕಿದೆ. ಸಿಕ್ಕಿದ್ದನ್ನ ಒಂಬತ್ತು ಪೋಸ್ಟಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳಿ, ಅಡ್ಮಿಷನ್ ಟೈಮಲ್ಲಿ ನಿಮ್ಮನೇಲೂ ಇದೇ ಮಾತು ಬರುತ್ತೆ.

ಭಾಗ 2/9
ಫೋಟೊ: ಶ್ರೀರಂಗಪಟ್ಟಣದ ಕೋಟೆ ಗೋಡೆ

ಮೈಸೂರಿನ ಕಥೆಗೆ ಶ್ರೀರಂಗಪಟ್ಟಣದ ಫೋಟೊ ಯಾಕೆ ಹಾಕಿದೆ ಅಂತ ಕೇಳ್ತೀರಾ. 1799ರವರೆಗೆ ರಾಜಧಾನಿ ಇದ್ದದ್ದು ಇಲ್ಲಿ, ಇವತ್ತಿನ ನಮ್ಮ ಮಂಡ್ಯ ಜಿಲ್ಲೆಯಲ್ಲಿ. ಟಿಪ್ಪು ಸತ್ತ ಮೇಲೆ ಒಡೆಯರ ರಾಜಧಾನಿ ಮತ್ತೆ ಮೈಸೂರಿಗೆ ಹೋಯ್ತು.

ಆದ್ರೆ ಆ ಭಾಗ್ಯ ಜಾಸ್ತಿ ದಿನ ಇರ್ಲಿಲ್ಲ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡ್ರು. ಕಚೇರಿ, ಅಧಿಕಾರಿ, ಕಡತ ಎಲ್ಲ ಬೆಂಗಳೂರಿಗೆ ಹೋದ್ವು. ಮೈಸೂರಲ್ಲಿ ಉಳಿದಿದ್ದು ಅರಮನೆ ಮತ್ತು ಅಧಿಕಾರ ಇಲ್ಲದ ಒಬ್ಬ ರಾಜ.

ಆ ರಾಜ ಏನ್ ಮಾಡಿದ್ರು ಗೊತ್ತಾ? ಎರಡೇ ವರ್ಷಕ್ಕೆ, 1833ರಲ್ಲಿ, ಇಂಗ್ಲಿಷ್ ಕಲಿಸೋ ಒಂದು ಶಾಲೆ ತೆರೆದ್ರು. 'ರಾಜಾಸ್ ಫ್ರೀ ಸ್ಕೂಲ್' ಅಂತ ಹೆಸರು. ಫ್ರೀ ಅನ್ನೋ ಪದ ಹೆಸರಲ್ಲೇ ಇತ್ತು, ಗಮನಿಸಿ. ಅದೇ ಶಾಲೆ ಬೆಳೆದು ಮುಂದೆ ಮಹಾರಾಜ ಕಾಲೇಜು ಆಯ್ತು.

1881ರಲ್ಲಿ ಬ್ರಿಟಿಷರು ರಾಜ್ಯವನ್ನ ವಾಪಸ್ ಒಡೆಯರಿಗೆ ಕೊಟ್ರು. ಕಚೇರಿಗಳು ಮಾತ್ರ ಬೆಂಗಳೂರಲ್ಲೇ ಉಳಿದ್ವು. ಆದ್ರೆ ಅದೇ 1881ರಲ್ಲಿ ಮೈಸೂರಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯ್ತು. ಇವತ್ತಿನ ಮಹಾರಾಣಿ ಕಾಲೇಜಿನ ಬೇರು ಅದು. ಹೆಣ್ಣುಮಕ್ಕಳು ಬೀದಿ ದಾಟಿ ಶಾಲೆಗೆ ಬರೋದೇ ದೊಡ್ಡ ಮಾತಾಗಿದ್ದ ಕಾಲ. 1891ರಲ್ಲಿ ಓಲೆಗರಿ, ಹಸ್ತಪ್ರತಿ ಕೂಡಿಡೋಕೆ ಓರಿಯಂಟಲ್ ಲೈಬ್ರರಿ ಬಂತು.

ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಲ್ಲಿ. ಕೌಟಿಲ್ಯನ 'ಅರ್ಥಶಾಸ್ತ್ರ'ದ ಹೆಸರು ಎಲ್ಲರಿಗೂ ಗೊತ್ತಿತ್ತು, ಪುಸ್ತಕ ಯಾರ ಹತ್ರಾನೂ ಇರ್ಲಿಲ್ಲ. ಅದರ ಹಸ್ತಪ್ರತಿಯನ್ನ 1905ರಲ್ಲಿ ಗುರುತು ಹಿಡಿದಿದ್ದು ಈ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಹಾಕಿಸಿದ್ರು. ತೆರಿಗೆ, ಖಜಾನೆ, ಲೆಕ್ಕಪತ್ರದ ಬಗ್ಗೆ ಇಡೀ ಪ್ರಪಂಚ ಓದೋ ಆ ಪುಸ್ತಕ ಹೊರಗೆ ಬಂದಿದ್ದು ನಮ್ಮಿಂದ ಒಂದು ಬಸ್ ದೂರದಲ್ಲಿ.

ನನಗೆ ಅನ್ಸಿದ್ದು ಇಷ್ಟು: ಅಧಿಕಾರ ಬೆಂಗಳೂರಿಗೆ ಹೋದಾಗ ಮೈಸೂರು ಶಾಲೆಯನ್ನ ಹಿಡ್ಕೊಂಡ್ತು. ಅದು ಬಿಡದೇ ಹಿಡ್ಕೊಂಡಿದ್ದಕ್ಕೇ ಈಗ ನೂರ ತೊಂಬತ್ತು ವರ್ಷ ಮೀರಿದೆ.

ಭಾಗ 3/9
ಫೋಟೊ: ಮಹಾರಾಜ ಕಾಲೇಜಿನ ಮುಂದೆ ನನ್ನ ಫ್ರೆಂಡ್ (ಮುಖ ಬೇಡ ಅಂದ, ಬೆನ್ನು ಮಾತ್ರ)

ಒಂದು ವಿಷಯ ಹೇಳ್ತೀನಿ, ಆಶ್ಚರ್ಯ ಆಗಬಹುದು. 1916ಕ್ಕಿಂತ ಮುಂಚೆ ಮೈಸೂರಿನ ಮಹಾರಾಜ ಕಾಲೇಜಲ್ಲಿ ಓದಿದ ಹುಡುಗನಿಗೆ ಡಿಗ್ರಿ ಕೊಡ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಅದೇ. ಸಿಲೆಬಸ್ ಅವರದ್ದು, ಪರೀಕ್ಷೆ ಅವರದ್ದು, ಸರ್ಟಿಫಿಕೇಟ್ ಮೇಲೆ ಹೆಸರೂ ಅವರದ್ದೇ. ನಮ್ಮ ರಾಜ್ಯಕ್ಕೆ ಏನು ಬೇಕು, ಯಾವ ಭಾಷೆ ಬೇಕು, ಯಾವ ಕಸುಬು ಬೇಕು ಅನ್ನೋದು ಅಲ್ಲಿ ಕೂತೋರಿಗೆ ಯಾಕೆ ತಲೆ ಕೆಡುತ್ತೆ?

ಆಗ ದಿವಾನರಾಗಿದ್ದೋರು ಸರ್ ಎಂ. ವಿಶ್ವೇಶ್ವರಯ್ಯ. ರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಇಬ್ಬರೂ ಸೇರಿ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರು ಮಾಡಿದ್ರು. ನಾಲ್ವಡಿಯವರೇ ಮೊದಲ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಇಡೀ ದೇಶದಲ್ಲಿ ಹುಟ್ಟಿದ ಮೊದಲನೇ ವಿವಿ ಅದು.

ಸಣ್ಣ ಸಂಸ್ಥಾನಕ್ಕೆ ಸ್ವಂತ ಯೂನಿವರ್ಸಿಟಿ ಯಾಕೆ, ಮದ್ರಾಸು ಇದೆಯಲ್ಲ ಅಂತ ಯಾರಾದ್ರೂ ಕೇಳಬಹುದಾಗಿತ್ತು. ಎರಡು ಕಾಲೇಜು ಇಟ್ಕೊಂಡು ಶುರು ಮಾಡಿದ ವಿವಿ ಅದು. ಆದ್ರೆ ಸ್ವಂತದ್ದು ಅನ್ನೋದಕ್ಕೆ ಒಂದು ಬೆಲೆ ಇದೆ. ಬಿ.ಎಂ. ಶ್ರೀಕಂಠಯ್ಯ ಇದೇ ವಿವಿಯಲ್ಲಿ ಇಂಗ್ಲಿಷ್ ಪಾಠ ಮಾಡ್ತಾ ಕನ್ನಡ ಕಟ್ಟಿದ್ರು. ಅವರು ಬೆಳೆದಿದ್ದು ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಲ್ಲಿ. ಕುವೆಂಪು ಇಲ್ಲೇ ವಿದ್ಯಾರ್ಥಿ, ಇಲ್ಲೇ ಮೇಷ್ಟ್ರು, 1956ರಿಂದ 1960ರವರೆಗೆ ಇಲ್ಲೇ ಕುಲಪತಿ. ಮದ್ರಾಸಿನ ಹಂಗಲ್ಲೇ ಇದ್ದಿದ್ರೆ ಇದೆಲ್ಲ ಹಿಂಗೇ ಆಗ್ತಿತ್ತಾ?

1916ರ ಈ ಮಾತನ್ನ ನೆನಪಲ್ಲಿ ಇಟ್ಕೊಳಿ. ಎಂಟನೇ ಭಾಗದಲ್ಲಿ ವಾಪಸ್ ಬರ್ತೀನಿ. ಅಲ್ಲಿ ಊರಿನ ಹೆಸರು ಮಾತ್ರ ಬದಲಾಗುತ್ತೆ.

ಭಾಗ 4/9
ಫೋಟೊ: ನಮ್ಮನೆ ನಡುಮನೆ ಗೋಡೆ. ಎಡಕ್ಕೆ ಮುತ್ತಾತ, ಮಧ್ಯೆ ದೇವರು, ಬಲಕ್ಕೆ ವಿಶ್ವೇಶ್ವರಯ್ಯ

ಮಂಡ್ಯ ಸೀಮೆಯಲ್ಲಿ ಈ ಫೋಟೊ ಇಲ್ಲದ ಮನೆ ಕಮ್ಮಿ. ನಾಲೆ ನೀರು ಕುಡಿದೋರು ನಾವು, ಕೃತಜ್ಞತೆ ಇದ್ದೇ ಇರುತ್ತೆ. ಆದ್ರೆ ಇತಿಹಾಸ ಬರಿಯೋವಾಗ ಪೂರ್ತಿ ಹೇಳ್ಬೇಕು.

ವಿವಿ ಬಂತು, ಸರಿ. ಒಳಗೆ ಕೂತೋರು ಯಾರು? ಆಗಿನ ಕಾಲೇಜುಗಳಲ್ಲಿ, ಸರ್ಕಾರಿ ಕೆಲಸಗಳಲ್ಲಿ ಹೆಚ್ಚಿನೋರು ಬ್ರಾಹ್ಮಣರು. ಒಕ್ಕಲಿಗರು, ಲಿಂಗಾಯತರು, ಕುರುಬರು, ಮುಸ್ಲಿಮರು ಕಮ್ಮಿ. ದಲಿತರಿಗೆ ಶಾಲೆ ಬಾಗಿಲು ದಾಟೋದೇ ಹೋರಾಟ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಅಂತ ಒಂದು ಸಂಘಟನೆ ಹುಟ್ಟಿ, ನಮಗೂ ಪಾಲು ಬೇಕು ಅಂತ ಮಹಾರಾಜರನ್ನ ಕೇಳ್ತು. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದ್ರು. 1919ರಲ್ಲಿ ವರದಿ ಬಂತು. ಹಿಂದುಳಿದವರಿಗೆ ಕೆಲಸದಲ್ಲಿ ಮೀಸಲಾತಿ ಕೊಡಿ, ಓದೋಕೆ ಸ್ಕಾಲರ್‌ಶಿಪ್ ಕೊಡಿ ಅಂತು. ದೇಶದಲ್ಲಿ ಮೀಸಲಾತಿಯ ಇತಿಹಾಸ ಹೇಳೋವಾಗ ಮೈಸೂರಿನ ಈ ಹೆಜ್ಜೆಯನ್ನ ಬಿಟ್ಟು ಹೇಳಕ್ಕಾಗಲ್ಲ.

ವಿಶ್ವೇಶ್ವರಯ್ಯನವರು ಇದನ್ನ ಒಪ್ಪಲಿಲ್ಲ. ಅರ್ಹತೆ ಒಂದೇ ಅಳತೆ ಆಗಿರಬೇಕು, ಶಿಕ್ಷಣ ಹಬ್ಬಿಸಿದ್ರೆ ಎಲ್ಲರೂ ತಾವಾಗೇ ಮೇಲೆ ಬರ್ತಾರೆ ಅನ್ನೋದು ಅವರ ನಂಬಿಕೆ. 1918ರ ಕೊನೆಗೆ ದಿವಾನಗಿರಿ ಬಿಟ್ರು. ಈ ಭಿನ್ನಾಭಿಪ್ರಾಯವೂ ಅದಕ್ಕೆ ಒಂದು ಕಾರಣ.

ನಾನು ಇದನ್ನ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಗೋಡೆ ಕಡೆ ನೋಡಿದ್ರು. ಸ್ವಲ್ಪ ಹೊತ್ತು ಬಿಟ್ಟು, "ನೀರು ಕೊಟ್ಟವ್ರೆ. ಫೋಟೊ ಇರ್ಲಿ. ನೀನು ಆ ಮಹಾರಾಜರದ್ದೂ ಒಂದು ತಂದು ಪಕ್ಕದಲ್ಲಿ ಹಾಕು" ಅಂದ್ರು.

ಮಾರನೇ ವಾರ ಹಾಕಿದ್ದೀನಿ. ಎರಡನೇ ಫೋಟೊ ಸ್ವೈಪ್ ಮಾಡಿ ನೋಡಿ.

ಭಾಗ 5/9
ಫೋಟೊ: ಹಾಸ್ಟೆಲ್ ತಟ್ಟೆ, ಎರಡು ಮುದ್ದೆ, ಸಾರು

ಸೀಟು ಸಿಕ್ತು ಅಂದ್ಕೊಳಿ. ಆಮೇಲೆ? ಊಟ ಎಲ್ಲಿ, ಮಲಗೋದು ಎಲ್ಲಿ?

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಕಾಲೇಜಿನ ಕಂಬಗಳ ಫೋಟೊ ಇರುತ್ತೆ, ಹಾಸ್ಟೆಲ್ ಅಡುಗೆಮನೆ ಫೋಟೊ ಇರಲ್ಲ. ನನಗೆ ಕೇಳಿದ್ರೆ ಮೈಸೂರನ್ನ ಓದೋರ ಊರು ಮಾಡಿದ್ದರಲ್ಲಿ ಅರ್ಧ ಪಾಲು ಆ ಅಡುಗೆಮನೆಗಳದ್ದು. ಹಿಂದೆ ವಾರಾನ್ನ ಅಂತ ಇತ್ತು. ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹಿಂಗೆ ಏಳು ಮನೆಯಲ್ಲಿ ಉಂಡು ಓದ್ತಿದ್ದ. ಆದ್ರೆ ವಾರಾನ್ನ ಸಿಗೋಕೆ ಜಾತಿ ಹೊಂದಬೇಕು. ಹಳ್ಳಿಯಿಂದ ಬಂದ ಶೂದ್ರರ ಹುಡುಗನಿಗೆ, ದಲಿತ ಹುಡುಗನಿಗೆ ಆ ಬಾಗಿಲು ತೆಗೀತಿರಲಿಲ್ಲ.

ಅದಕ್ಕೇ ಒಂದೊಂದು ಸಮುದಾಯ ತನ್ನ ಮಕ್ಕಳಿಗೆ ಹಾಸ್ಟೆಲ್ ಕಟ್ಕೊಳ್ತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದೇ ಹೆಚ್ಚಾಗಿ ವಿದ್ಯೆಯ ವಿಷಯಕ್ಕೆ. ದಲಿತ ಮಕ್ಕಳ ಶಾಲೆ, ವಸತಿಗಾಗಿ ಮೈಸೂರಲ್ಲಿ ದುಡಿದ ತಲಕಾಡು ರಂಗೇಗೌಡರ ಹೆಸರು ಈಗ ನಮ್ಮ ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ 1941ರಲ್ಲಿ ಮೈಸೂರಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದ್ರು. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಕಟ್ಟಿದ್ರು. ಕ್ರಮ ಗಮನಿಸಿ: ಮೊದಲು ಅನ್ನ, ಆಮೇಲೆ ಕಾಲೇಜು. ಕುವೆಂಪು ಅವರೂ ಓದೋವಾಗ ಮೈಸೂರಿನ ರಾಮಕೃಷ್ಣಾಶ್ರಮದ ಆಶ್ರಯದಲ್ಲಿ ಇದ್ದವರೇ.

ಹಿಂಗೆ ನಮ್ಮ ಕಡೆಯೋರೂ ಮೈಸೂರು ಸೇರಿದ್ರು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ನಮ್ಮ ಮದ್ದೂರು ತಾಲ್ಲೂಕಿನದೇ ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಎಲ್ಲರೂ ಮಹಾರಾಜ ಕಾಲೇಜಲ್ಲಿ ಓದಿದೋರು. ಮೈಸೂರಿನ ಹೆಸರು ದೊಡ್ಡದಾಗಿದ್ದು ಮೈಸೂರಿನೋರಿಂದ ಮಾತ್ರ ಅಲ್ಲ, ಟ್ರಂಕು ಹೊತ್ಕೊಂಡು ಬಂದ ಹೊರಗಿನೋರಿಂದ ಕೂಡ.

1970ರ ದಶಕದಲ್ಲಿ ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ತಾಲ್ಲೂಕು ತಾಲ್ಲೂಕಿಗೂ ಹಬ್ಬಿದ್ವು. ನಮ್ಮ ದೊಡ್ಡಪ್ಪ ಅಂಥದ್ದೊಂದು ಹಾಸ್ಟೆಲಲ್ಲಿ ಇದ್ದು ಟಿಸಿಎಚ್ ಮಾಡಿ ಮೇಷ್ಟ್ರಾದ್ರು. ಮನೇಲಿ ಮೊದಲ ಸಂಬಳ ತಂದಿದ್ದು ಅವರೇ.

ಭಾಗ 6/9
ಫೋಟೊ: ವಿಶ್ವೇಶ್ವರಯ್ಯ ನಾಲೆ, ಪಕ್ಕದಲ್ಲಿ ಕಬ್ಬಿನ ಗದ್ದೆ

ಈಗ ನಮ್ಮ ಮಂಡ್ಯಕ್ಕೆ ಬರೋಣ.

ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. 1930ರ ದಶಕದ ಶುರುವಿನಲ್ಲಿ ನಾಲೆ ನೀರು ಈ ಸೀಮೆಗೆ ಬಂತು. ಆಗ ಅದರ ಹೆಸರು ಇರ್ವಿನ್ ನಾಲೆ. ರಾಗಿ, ಹುರುಳಿ ಬೆಳೀತಿದ್ದ ಬೆದ್ದಲು ಗದ್ದೆ ಆಯ್ತು, ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರ ಜುಲೈ 1ಕ್ಕೆ ಮೈಸೂರಿಂದ ಬೇರೆಯಾಗಿ ಮಂಡ್ಯ ಜಿಲ್ಲೆ.

ನೀರು ಬಂದ ಮೇಲೆ ದುಡ್ಡು, ದುಡ್ಡು ಬಂದ ಮೇಲೆ ಮಕ್ಕಳನ್ನ ಓದಿಸೋ ಆಸೆ. 1948ರಲ್ಲಿ ಮಂಡ್ಯಕ್ಕೆ ಸರ್ಕಾರಿ ಕಾಲೇಜು ಬಂತು. ಆಮೇಲೆ ಕೆ.ವಿ. ಶಂಕರಗೌಡರು ಬಂದ್ರು. ಜನ ಅವರನ್ನ 'ನಿತ್ಯಸಚಿವ' ಅಂತಿದ್ರು. ನಾಟಕದ ಹುಚ್ಚಿನ ಮನುಷ್ಯ, ರಾಜ್ಯದ ಶಿಕ್ಷಣ ಸಚಿವರೂ ಆಗಿದ್ದೋರು. ಜನತಾ ಶಿಕ್ಷಣ ಟ್ರಸ್ಟ್ ಕಟ್ಟಿ, 1962ರಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರು ಮಾಡಿದ್ರು. ಮಂಡ್ಯ ಆಗ ಇನ್ನೂ ಹಳ್ಳಿ ವಾಸನೆ ಹೋಗದ ಊರು. ರೈತನ ಮಗ ಎಂಜಿನಿಯರ್ ಆಗೋಕೆ ಊರು ಬಿಡಬೇಕಾಗಿಲ್ಲ ಅನ್ನೋದು ಆ ಕಾಲಕ್ಕೆ ಸಣ್ಣ ಮಾತಲ್ಲ. ಇತ್ತ ನಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ಭಾರತೀ ವಿದ್ಯಾಸಂಸ್ಥೆ ಬೆಳೆಸಿದ್ರು. ಊರಿಗೆ ಭಾರತೀನಗರ ಅನ್ನೋ ಹೆಸರೇ ಬಂತು. ಕಾಲೇಜೊಂದು ಊರಿನ ಹೆಸರು ಬದಲಾಯಿಸೋದು ಎಲ್ಲಿ ನೋಡಿದ್ದೀರಿ?

ಇಲ್ಲಿ ಒಂದು ಅಕೌಂಟಿಂಗ್ ಪಾಠ. ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ, ಅದೂ ಬಂದಾಗ ಬಂತು. ಕಾಲೇಜು ಫೀಸು ಜೂನ್ ತಿಂಗಳಿಗೆ ಕರೆಕ್ಟಾಗಿ ಬರುತ್ತೆ. ಎರಡರ ಮಧ್ಯದ ಈ ಗ್ಯಾಪಿಗೆ ನಾವು ವರ್ಕಿಂಗ್ ಕ್ಯಾಪಿಟಲ್ ಅಂತ ಓದ್ತೀವಿ. ನಮ್ಮನೇಲಿ ಅದಕ್ಕೆ ಎರಡು ಹೆಸರಿದೆ: ಗೌರಿ, ಲಕ್ಷ್ಮಿ. ಎರಡೂ ಸೀಮೆಹಸು. ಹಾಲಿನ ಬಟವಾಡೆ ತಪ್ಪದೇ ಬರುತ್ತೆ. ನನ್ನ ಬಿಕಾಂ ಪೂರ್ತಿ ಹಾಲಿನ ದುಡ್ಡಲ್ಲೇ ಆಗಿದೆ. ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ಕರೆದ ಹಾಲು ಅದು.

ಭಾಗ 7/9
ಫೋಟೊ: ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆ ಕಡೆಯಿಂದ

ಮಂಡ್ಯ ಇಷ್ಟೆಲ್ಲ ಮಾಡ್ತು. ಆದ್ರೂ ತಂಗಿ ಮೈಸೂರೇ ಬೇಕು ಅಂತಾಳಲ್ಲ, ಯಾಕೆ?

ನಾವು ಫೈನಲ್ ಅಕೌಂಟ್ಸಲ್ಲಿ 'ಗುಡ್‌ವಿಲ್' ಅಂತ ಓದ್ತೀವಿ. ಕಟ್ಟಡ ಅಲ್ಲ, ಮೆಷಿನ್ ಅಲ್ಲ, ಕೈಗೆ ಸಿಗಲ್ಲ, ಆದ್ರೂ ಆಸ್ತಿ. ಗಿರಾಕಿ ಇನ್ನೊಂದು ಅಂಗಡಿ ದಾಟಿ ಇದೇ ಅಂಗಡಿಗೆ ಬರ್ತಾನಲ್ಲ, ಅದು. ಮೈಸೂರಿನ ದೊಡ್ಡ ಆಸ್ತಿ ಅದೇ. ಆದ್ರೆ ಅದು ಗಾಳಿಯಿಂದ ಬಂದಿದ್ದಲ್ಲ, ಒಂದರ ಪಕ್ಕ ಒಂದು ಸಂಸ್ಥೆ ಬಂದು ಕೂತಿದ್ದರಿಂದ ಬಂದಿದ್ದು.

1924ರಲ್ಲಿ ಬೆಂಗಳೂರಲ್ಲಿ ಶುರುವಾದ ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. 1946ರಲ್ಲಿ ಎನ್‌ಐಇ ಎಂಜಿನಿಯರಿಂಗ್ ಕಾಲೇಜು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ. ಡೇರಿ ಊರಿನೋನಾಗಿ ಇದನ್ನ ಹೇಳಲೇಬೇಕು: ಎಮ್ಮೆ ಹಾಲಿಂದ ಎಳೆಮಕ್ಕಳ ಆಹಾರ ಮಾಡೋ ವಿಧಾನ ಕಂಡುಹಿಡಿದಿದ್ದು ಅಲ್ಲೇ, ಆಮೇಲೆ ಅಮುಲ್ ಅದನ್ನ ತಯಾರಿಸ್ತು. 1960ರಲ್ಲಿ ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿ. 1963ರಲ್ಲಿ ಮೇಷ್ಟ್ರುಗಳನ್ನ ತಯಾರು ಮಾಡೋ ರೀಜನಲ್ ಕಾಲೇಜು. ಅದೇ ದಶಕದಲ್ಲಿ ಮಾತು, ಶ್ರವಣದ ಸಂಸ್ಥೆ ಆಯಿಷ್. 1969ರಲ್ಲಿ ಭಾರತೀಯ ಭಾಷೆಗಳ ಸಂಸ್ಥೆ. 1996ರಲ್ಲಿ ಮುಕ್ತ ವಿವಿ. ನಮ್ಮ ಅತ್ತೆ ಮದುವೆ ಆಗಿ ಎರಡು ಮಕ್ಕಳಾದ ಮೇಲೆ ಬಿಎ ಮುಗಿಸಿದ್ದು ಆ ಮುಕ್ತ ವಿವಿಯಿಂದ.

ಇವೆಲ್ಲ ಒಂದೇ ಊರಲ್ಲಿ ಇದ್ರೆ ಏನಾಗುತ್ತೆ? ಮೇಷ್ಟ್ರು ಸಿಗ್ತಾರೆ. ಹಳೇ ಪುಸ್ತಕದ ಅಂಗಡಿ ಇರುತ್ತೆ. ಪಿಜಿ ರೂಮು, ಮೆಸ್ಸು, ಜೆರಾಕ್ಸು, ರಾತ್ರಿ ಎಂಟರವರೆಗೆ ಲೈಬ್ರರಿ, ಪರೀಕ್ಷೆಗೆ ಕೂತು ಓದೋ ಹತ್ತು ಜನ ಫ್ರೆಂಡ್ಸು. ಪಕ್ಕದ ಮನೆ ಅಕ್ಕ ಎಂಎಸ್ಸಿ ಮಾಡ್ತಿದ್ರೆ ನಿಮ್ಮ ತಂಗಿಗೂ ಅದು ಮಾಮೂಲಿ ವಿಷಯ ಅನ್ಸುತ್ತೆ. ನಮ್ಮೂರಲ್ಲಿ ಎಂಎಸ್ಸಿ ಅಂದ್ರೆ ಮೊದಲು ಕೇಳೋ ಪ್ರಶ್ನೆ, "ಮದ್ವೆ ಯಾವಾಗ ಮಾಡ್ತೀರಿ?"

ಹಾಗಂತ ಮೈಸೂರೇನು ಸ್ವರ್ಗ ಅಲ್ಲ. ರೂಮ್ ಬಾಡಿಗೆ, ಅಡ್ವಾನ್ಸು ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಪಿಯು ಕಾಲೇಜು ಹೆಸರಲ್ಲಿ ಕೋಚಿಂಗ್ ಫ್ಯಾಕ್ಟರಿ ನಡೆಸೋರೂ ಇದ್ದಾರೆ. ಅಂಥ ಒಂದು ಕಡೆ ಹೋಗಿದ್ವಿ. ಫೀಸಿನ ಚೀಟಿ ಕೊಟ್ರು, ಲ್ಯಾಬ್ ತೋರಿಸಿ ಅಂದಾಗ ಬೀಗದ ಕೈ ಸಿಗಲಿಲ್ಲ.

ಭಾಗ 8/9
ಫೋಟೊ: ನನ್ನ ಮಾರ್ಕ್ಸ್ ಕಾರ್ಡು (ಮಾರ್ಕ್ಸ್ ಮುಚ್ಚಿದ್ದೀನಿ, ಹೆಸರು ನೋಡಿ)

ಇದರ ಮೇಲೆ 'ಮಂಡ್ಯ ವಿಶ್ವವಿದ್ಯಾಲಯ' ಅಂತ ಇದೆ.

1948ರ ಆ ಸರ್ಕಾರಿ ಕಾಲೇಜನ್ನೇ 2019ರಲ್ಲಿ ಮಂಡ್ಯ ವಿವಿ ಮಾಡಿದ್ರು. ನಮಗೂ ಒಂದು ವಿವಿ ಅಂತ ಖುಷಿ ಆಯ್ತು. ಆದ್ರೆ 2025ರ ಫೆಬ್ರವರಿಯಲ್ಲಿ ಪೇಪರಲ್ಲಿ ಬಂದ ಸುದ್ದಿ ನೆನಪಿರಬಹುದು. ರಾಜ್ಯದ ಒಂಬತ್ತು ಹೊಸ ವಿವಿಗಳನ್ನ ಮುಚ್ಚಿ ಹಳೆ ವಿವಿಗಳಿಗೆ ಸೇರಿಸೋ ಪ್ರಸ್ತಾಪ. ದುಡ್ಡಿಲ್ಲ, ಕಟ್ಟಡ ಇಲ್ಲ, ಬೋಧಕರಿಲ್ಲ ಅನ್ನೋದು ಕಾರಣ. ಪಟ್ಟಿಯಲ್ಲಿ ಮಂಡ್ಯ ಇತ್ತು. ಅವತ್ತು ಕ್ಲಾಸಲ್ಲಿ ಎಲ್ಲರ ಪ್ರಶ್ನೆ ಒಂದೇ: ಮುಚ್ಚಿಹೋದ ವಿವಿ ಸರ್ಟಿಫಿಕೇಟ್ ಹಿಡ್ಕೊಂಡು ಇಂಟರ್‌ವ್ಯೂಗೆ ಹೋದ್ರೆ ಏನ್ ಅಂತಾರೆ? ಸರ್ಟಿಫಿಕೇಟ್ ಬೆಲೆ ಕಾನೂನು ಪ್ರಕಾರ ಹೋಗಲ್ಲ, ಗೊತ್ತು. ಆದ್ರೆ ಭಯ ಕಾನೂನು ಕೇಳಲ್ಲ.

ಮೂರನೇ ಭಾಗ ನೆನಪಿಸ್ಕೊಳಿ. 1916ರಲ್ಲಿ ಮೈಸೂರು ವಿವಿಯೂ ಹೊಸದೇ. ಎರಡೇ ಕಾಲೇಜು. ಅಷ್ಟೇ ಯಾಕೆ, 1964ರಲ್ಲಿ ಬೆಂಗಳೂರು ವಿವಿ, 1980ರಲ್ಲಿ ಮಂಗಳೂರು ವಿವಿ, ಎರಡೂ ಮೈಸೂರಿನ ಮಡಿಲಿಂದಲೇ ಬೇರೆ ಆದವು. ಇವತ್ತು ಅವನ್ನ ಯಾರೂ 'ಹೊಸದು' ಅನ್ನಲ್ಲ.

ಹಾಗಂತ ನಾನು ಕುರುಡಾಗಿ ನಮ್ಮದು ಅಂತ ವಾದ ಮಾಡಲ್ಲ. ಮಂಗಳೂರಲ್ಲಿ ವಿವಿಗಿಂತ ಎಷ್ಟೋ ಮುಂಚೆ, 1968ರಲ್ಲೇ, ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಇತ್ತು. ಹನ್ನೆರಡು ವರ್ಷ ವಿಭಾಗಗಳು, ಮೇಷ್ಟ್ರುಗಳು, ಲೈಬ್ರರಿ ಬೆಳೆದ ಮೇಲೆ ಬೋರ್ಡು ಬದಲಾಯ್ತು. ನಮ್ಮಲ್ಲಿ ಬೋರ್ಡು ಮೊದಲು ಬಂತು. ತಪ್ಪು ಅಲ್ಲಿದೆ. ಆದ್ರೆ ಮುಚ್ಚೋದು ಅದಕ್ಕೆ ಪರಿಹಾರನಾ? ಹಸುಗೆ ಮೇವು ಹಾಕದೇ ಹಾಲು ಕಮ್ಮಿ ಅಂತ ಮಾರೋಕೆ ಹೊರಟಂಗೆ ಆಯ್ತು ಅಂತ ಅಮ್ಮ ಅಂದ್ರು. ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ.

ಮಂಡ್ಯಕ್ಕೆ ಅದರದ್ದೇ ಶಕ್ತಿ ಇದೆ. 2000ದ ದಶಕದ ಮಧ್ಯದಲ್ಲಿ ಬಂದ ಮಿಮ್ಸ್ ಮೆಡಿಕಲ್ ಕಾಲೇಜಿದೆ. ವಿ.ಸಿ. ಫಾರಂನಲ್ಲಿ ಭತ್ತ, ಕಬ್ಬಿನ ಮೇಲೆ ದಶಕಗಳ ಸಂಶೋಧನೆ ನಡೆದಿದೆ. 2024-25ರ ರಾಜ್ಯ ಬಜೆಟ್ಟಲ್ಲಿ ಮಂಡ್ಯಕ್ಕೆ ಕೃಷಿ ವಿವಿ ಘೋಷಣೆ ಆಯ್ತು. ಮೈಸೂರನ್ನ ನಕಲು ಮಾಡೋದು ಬೇಡ. ನೀರು, ಕಬ್ಬು, ಹಾಲು, ಆಲೆಮನೆ, ಇದರ ಬಗ್ಗೆ ಪ್ರಪಂಚಕ್ಕೆ ಪಾಠ ಹೇಳೋ ಊರು ನಮ್ಮದಾಗಬಹುದು. ಬೆಲ್ಲದ ವ್ಯಾಪಾರದ ಲೆಕ್ಕ ನನ್ನ ಬಿಕಾಂ ಪುಸ್ತಕದಲ್ಲಿ ಒಂದು ಪುಟಾನೂ ಇಲ್ಲ. ಯಾಕಿಲ್ಲ?

ಭಾಗ 9/9
ಫೋಟೊ: ತಂಗಿಯ ಕೈಬರಹ, ನೋಟ್‌ಬುಕ್ಕಿನ ಕೊನೇ ಹಾಳೆ

ಇದು ಕೊನೇದು.

ಮನೇಲಿ ವಾದ ಜೋರಾಯ್ತು. ನಾನು ಹೇಳಿದೆ, "ಅವಳಿಗೆ ಶಕ್ತಿ ಯೋಜನೇಲಿ ಬಸ್ಸು ಫ್ರೀ. ದಿನಾ ಮೈಸೂರಿಗೆ ಹೋಗಿ ಬರ್ಲಿ, ಹಾಸ್ಟೆಲ್ ಖರ್ಚೇ ಇಲ್ಲ." 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಸ್ಟಾಪಲ್ಲಿ ಬ್ಯಾಗ್ ಹಾಕಿದ ಹುಡುಗೀರು ಆಮೇಲೆ ಜಾಸ್ತಿ ಆಗಿರೋದು ನನ್ನ ಕಣ್ಣಿಗೇ ಕಾಣುತ್ತೆ.

ಅಪ್ಪ ಕೇಳಿದ್ರು, "ಬಸ್ಸು ಫ್ರೀ ಕಣಪ್ಪ. ಅವಳ ಟೈಮೂ ಫ್ರೀನಾ?"

ನಾನು ಸುಮ್ಮನಾದೆ. ಎಕ್ಸ್‌ಪ್ರೆಸ್ ಬಸ್ಸು ನಮ್ಮಲ್ಲಿ ನಿಲ್ಲಲ್ಲ. ಮಂಡ್ಯದಲ್ಲಿ ಬದಲಾಯಿಸಿ, ಮೈಸೂರು ಸ್ಟ್ಯಾಂಡಲ್ಲಿ ಸಿಟಿ ಬಸ್ ಹಿಡಿದು, ದಿನಕ್ಕೆ ನಾಲ್ಕು ಗಂಟೆಗೂ ಜಾಸ್ತಿ. ಹದಿನಾರು ವರ್ಷದ ಹುಡುಗಿ ಫಿಸಿಕ್ಸ್ ಓದೋದು ಯಾವಾಗ, ಬಸ್ಸಲ್ಲಿ ನಿಂತ್ಕೊಂಡಾ?

ಆಗ ತಂಗಿ ನೋಟ್‌ಬುಕ್ ತಂದು ತೋರಿಸಿದಳು. ಫೋಟೊದಲ್ಲಿ ಇರೋದು ಅದೇ ಹಾಳೆ. ಯಾರಿಗೂ ಹೇಳದೇ ಅವಳು ಒಂದು ಪಟ್ಟಿ ಮಾಡಿದ್ದಳು. ಮೈಸೂರಲ್ಲಿ ಎರಡು ಕಾಲ, ಮಂಡ್ಯದಲ್ಲಿ ಎರಡು ಕಾಲ. ಅಂದ್ರೆ ಎರಡೂ ಊರಲ್ಲಿ ಎರಡೆರಡು ಕಾಲೇಜು, ಒಂದೊಂದಕ್ಕೂ ಒಂದು ಕಾಲಂ. ಎಡಕ್ಕೆ ಮೂರು ಪ್ರಶ್ನೆ:

ಲ್ಯಾಬ್ ಇದೆಯಾ, ನಿಜವಾಗ್ಲೂ ಬಳಸ್ತಾರಾ?
ಫಿಸಿಕ್ಸ್, ಕೆಮಿಸ್ಟ್ರಿ ಮೇಷ್ಟ್ರು ಪರ್ಮನೆಂಟಾ?
ಕೊನೇ ಬಸ್ ಎಷ್ಟೊತ್ತಿಗೆ?

ನಾನು ಎಂಟು ಪೋಸ್ಟಲ್ಲಿ 1833ರಿಂದ ಹುಡುಕಿದ್ದನ್ನ ಅವಳು ಮೂರು ಸಾಲಲ್ಲಿ ಬರೆದಿದ್ದಳು. ಮೈಸೂರು ಇವತ್ತಿನ ಮೈಸೂರು ಆಗಿದ್ದು ಯಾರೋ ಒಬ್ಬರು ಇದೇ ಥರದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಕ್ಕೆ. ಪಾಠ ಹೇಳೋರು ಇದ್ದಾರಾ, ಇರೋಕೆ ಜಾಗ ಇದೆಯಾ, ಹಳ್ಳಿ ಮಗು ಬಂದು ಸೇರಬಹುದಾ? ಮೂರಕ್ಕೂ ಹೌದು ಅಂದ ಊರು ಓದೋರ ಊರು. ಉಳಿದಿದ್ದೆಲ್ಲ ಬೋರ್ಡು.

ಅವಳ ಪಟ್ಟಿಯಲ್ಲಿ ಮಂಡ್ಯದ ಒಂದು ಕಾಲೇಜಿಗೆ ಮೂರೂ ಟಿಕ್ ಬಿದ್ದಿತ್ತು. ಅದಕ್ಕೇ ಸೇರಿದ್ದಾಳೆ. "ಎರಡು ವರ್ಷ ಆದ್ಮೇಲೆ ಮೈಸೂರು ಎಲ್ಲೂ ಓಡಿಹೋಗಲ್ಲ. ಆಗ ನಂದು ಟರ್ನು, ದುಡ್ಡು ಎತ್ತಿಟ್ಟಿರಿ" ಅಂತ ಅಪ್ಪನಿಗೆ ಹೇಳಿದ್ದಾಳೆ. ಅಪ್ಪ ಹೂಂ ಅಂದಿದ್ದಾರೆ. ನಾನು ಸಾಕ್ಷಿ, ನೀವೂ ಸಾಕ್ಷಿ.

ನಾನು ಎಂಕಾಂಗೆ ಅರ್ಜಿ ಹಾಕ್ತಿದ್ದೀನಿ. ಸೀಟು ಸಿಕ್ಕಿದ್ರೆ ಮಂಡ್ಯದಿಂದ ರೈಲು ಪಾಸ್ ಮಾಡಿಸ್ಕೊಂಡು ಓಡಾಡ್ತೀನಿ. ಹಾಸ್ಟೆಲ್ ದುಡ್ಡು ಅವಳ ಪಾಲಿಗೆ ಇರ್ಲಿ. ನನ್ನ ಟೈಮಾದ್ರೂ ಸ್ವಲ್ಪ ಫ್ರೀ ಇದೆ.

ಅಜ್ಜಿಗೆ ಇದೆಲ್ಲ ಹೇಳಿದೆ. ಮೈಸೂರಲ್ಲಿ ಮಂಡ್ಯದಲ್ಲಿ ಅಕ್ಷರ ಒಂದೇ ಅಜ್ಜಿ, ಅಕ್ಷರದ ಹತ್ರ ಹೋಗೋ ದಾರಿ ಬೇರೆ ಅಂದೆ. ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಕೇಳ್ತು: "ನಮ್ ಕಾಲದಲ್ಲಿ ಆ ದಾರೀಲಿ ಬಸ್ಸೇ ಇರ್ನಿಲ್ಲ ಕಣ್ಲಾ. ಇದ್ದಿದ್ರೆ ನಾನೂ ಹತ್ತುತಿದ್ದೆ."

ನಿಮ್ಮನೇಲಿ ಯಾರಾದ್ರೂ ಆ ಬಸ್ಸು ಸಿಗದೇ ನಿಂತೋರು ಇದ್ರೆ ಅವರನ್ನ ಕೂರಿಸ್ಕೊಂಡು ಒಂದ್ಸಲ ಕೇಳಿ. ಎಲ್ಲಿವರೆಗೆ ಓದಿದ್ರಿ, ಯಾಕೆ ನಿಂತ್ತು ಅಂತ. ಬರೆದಿಟ್ಕೊಳಿ. ಅದೂ ಇತಿಹಾಸಾನೇ.

#ಗೆಜ್ಜಲಗೆರೆ #ಮದ್ದೂರು #ಮಂಡ್ಯ #ಮೈಸೂರು #ಓದೋರಊರು #ಹಾಲಿನದುಡ್ಡು